ಹದಿನಾರು ಚುಕ್ಕಿಯ ಕಲ್ಲು

ನಮ್ಮ ಮ್ಯಾನೇಜರ್ ಅವರ ಪಿತ್ತಕೋಶದಲ್ಲಿ ಕಲ್ಲಿದೆ ಎಂದು ಡಾಕ್ಟರ್ ಹೇಳಿದಾಗ ನಾನು ಆ ಕೋಣೆಯಲ್ಲೇ ಇದ್ದೆ. ಕೊಚ್ಚಿಯ ಕಲೂರಿನ ಒಂದು ಸ್ಕ್ಯಾನಿಂಗ್ ಕೇಂದ್ರ, ಬೆಳಗಿನ ಎಂಟು ಗಂಟೆ. ಶಬ್ದದ ಅಲೆಗಳಿಂದ ಚಿತ್ರ ಮೂಡಿಸುವ ಹೊಸ ಸ್ಕ್ಯಾನಿಂಗ್ ಯಂತ್ರವನ್ನು ಡಾಕ್ಟರಿಗೆ ಮೊದಲ ಸಲ ತೋರಿಸಲು ಒಯ್ದಿದ್ದೆವು, ಪರೀಕ್ಷೆಗೆ ಯಾರಾದರೂ ಮಲಗಬೇಕಿತ್ತು. ಪಿತ್ತಕೋಶ ಚೆನ್ನಾಗಿ ಕಾಣಬೇಕಾದರೆ ಹೊಟ್ಟೆ ಖಾಲಿ ಇರಬೇಕು. ಬೆಳಗಿನ ತಿಂಡಿ ಪುಟ್ಟು-ಕಡಲೆ ಬಿಟ್ಟು ಬರಲು ನಮ್ಮ ತಂಡದಲ್ಲಿ ಒಪ್ಪಿದವರು ಮ್ಯಾನೇಜರ್ ಒಬ್ಬರೇ.

ಡಾಕ್ಟರ್ ಐವತ್ತರ ಆಸುಪಾಸಿನ ಹೆಂಗಸು. ಮ್ಯಾನೇಜರ್ ಜೊತೆ ಮಲಯಾಳಂ, ನನ್ನ ಜೊತೆ ಇಂಗ್ಲಿಷ್. ಹೊಟ್ಟೆಯ ಮೇಲೆ ಜೆಲ್ ಹಚ್ಚಿ ಪ್ರೋಬ್ ಓಡಿಸುತ್ತಿದ್ದವರು ಒಂದು ಕಡೆ ನಿಲ್ಲಿಸಿ, "ಇಲ್ಲೊಂದು ಕಲ್ಲಿದ್ದ ಹಾಗಿದೆ" ಎಂದರು. ಪಿತ್ತಕೋಶದ ಕಪ್ಪಿನ ನಡುವೆ ಚಿಕ್ಕದೊಂದು ಬಿಳಿ ಗೀಟು.

"ನೋವೇ ಇಲ್ಲವಲ್ಲ ಡಾಕ್ಟರೇ?" ಎಂದು ಮ್ಯಾನೇಜರ್ ಎದ್ದು ಕೂರಲು ಹೋದರು.

"ಮಲಗಿ, ಮಲಗಿ." ಡಾಕ್ಟರ್ ಪ್ರೋಬ್ ಅಲುಗಿಸಿದರು. ಗೀಟು ಮಾಯವಾಯಿತು. ಮರುಕ್ಷಣ ಇನ್ನೊಂದು, ಸ್ವಲ್ಪ ಮೇಲೆ. ಅದೂ ಹೋಯಿತು. ಆಮೇಲೆ ಯಕೃತ್ತಿನಲ್ಲಿ ಎರಡು. ಡಾಕ್ಟರ್ ಪಕ್ಕದ ಹಳೆಯ ಯಂತ್ರವನ್ನು ಎಳೆದುಕೊಂಡು ಅದೇ ಜಾಗ ನೋಡಿದರು. ಪಿತ್ತಕೋಶ ಶುಭ್ರವಾಗಿತ್ತು. ಮ್ಯಾನೇಜರ್ ಮುಖಕ್ಕೆ ರಕ್ತ ಮರಳಿತು, ನನ್ನ ಮುಖದ್ದು ಇಳಿಯಿತು.

"ನೋಡಿ," ಎಂದರು ಡಾಕ್ಟರ್ ಕೈ ಒರೆಸಿಕೊಳ್ಳುತ್ತ. "ನನಗೆ ಕಂಡದ್ದನ್ನು ನಾನು ಅಳೆದು ಬರೆಯುತ್ತೇನೆ, ಸರ್ಜನ್ ಅದನ್ನು ನಂಬಿ ಕತ್ತಿ ಹಿಡಿಯುತ್ತಾರೆ. ಮುಂದಿನ ತಿಂಗಳ ಕೊನೆಗೆ ಇನ್ನೊಮ್ಮೆ ತನ್ನಿ. ಆಗಲೂ ಹೀಗೆ ಇದ್ದರೆ ಇದನ್ನು ರೋಗಿಗಳ ಮೇಲೆ ಬಳಸಲು ನಾನು ಸಹಿ ಹಾಕುವುದಿಲ್ಲ."

ಆ ಸಹಿ ಇಲ್ಲದಿದ್ದರೆ ಯಂತ್ರ ಯಾವ ಆಸ್ಪತ್ರೆಗೂ ಹೋಗುವಂತಿರಲಿಲ್ಲ. ಇದನ್ನು ತಯಾರಿಸಿದ್ದು ತಿರುವನಂತಪುರದ ಒಂದು ಸಣ್ಣ ಕಂಪನಿ. ಅವರು ತಯಾರಿಸುವುದು ಈ ಒಂದೇ ಬಗೆಯ ಯಂತ್ರ; ಪರೀಕ್ಷೆಗೆಂದು ಮಾಡಿದ ಎರಡರಲ್ಲಿ ಒಂದು ಅವರ ಆಫೀಸಿನಲ್ಲಿತ್ತು, ಇನ್ನೊಂದು ನಮ್ಮಲ್ಲಿ. ನಮ್ಮ ಕೊಚ್ಚಿ ತಂಡ ಎಂಟು ತಿಂಗಳು ದುಡಿದದ್ದೂ ಇದೊಂದಕ್ಕೇ. ನನ್ನ ಸಿಟ್ಟು ಸುಲಭಕ್ಕೆ ಬರುವಂಥದ್ದು, ಬಂದರೆ ಮುಚ್ಚಿಡಲಿಕ್ಕೆ ಆಗುವುದಿಲ್ಲ. ಆ ದಿನ ಮಾತ್ರ ಸಿಟ್ಟು ಮಾಡಲಿಕ್ಕೂ ಎದುರಿಗೆ ಯಾರೂ ಸಿಗಲಿಲ್ಲ.

ನನ್ನ ಕೆಲಸ ಏನೆಂದು ಇಲ್ಲಿ ಹೇಳಿಬಿಡುತ್ತೇನೆ. ಯಂತ್ರದೊಳಗೆ ಒಂದು ಕಂಪ್ಯೂಟರ್ ಇದೆ. ಅದರ ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ ಕರ್ನಲ್ ಎನ್ನುತ್ತಾರೆ. ಒಂದೊಂದು ಚಿಪ್ಪನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂಗಳು ಇರುವುದು ಅದರೊಳಗೆ. ನಮ್ಮ ಯಂತ್ರದಲ್ಲಿ ಗ್ರಾಫಿಕ್ಸ್ ಡ್ರೈವರ್‌ಗಳು ಎರಡು. ಚಿತ್ರ ಬಿಡಿಸುವ ಡ್ರೈವರ್ ನಮ್ಮದು, ಕೊಚ್ಚಿಯ ಕಾಕ್ಕನಾಡಿನ ನಮ್ಮ ಆಫೀಸಿನಲ್ಲಿ ನಾನು ಬರೆದದ್ದು. ಬಿಡಿಸಿದ್ದನ್ನು ಪರದೆಯ ಮೇಲೆ ತೋರಿಸುವ ಡ್ರೈವರ್ ತಿರುವನಂತಪುರದವರದು. ನಾವು ಒಂದು ಮೆಮೊರಿ ತುಂಡಿನಲ್ಲಿ ಚಿತ್ರ ಬರೆಯುತ್ತೇವೆ, ಅವರು ಅದೇ ತುಂಡನ್ನು ಓದಿ ತೋರಿಸುತ್ತಾರೆ. ನಕಲು ಮಾಡಿ ಕೊಡುವ ಪದ್ಧತಿ ಇಲ್ಲ, ಅಷ್ಟು ಪುರುಸೊತ್ತೂ ಇಲ್ಲ. ಸೆಕೆಂಡಿಗೆ ಅರವತ್ತು ಚಿತ್ರ ಹೋಗಬೇಕು.

ಅವರ ಡ್ರೈವರ್ ಬರೆದವರು ಕಾಸರಗೋಡು ಕಡೆಯ ಕನ್ನಡಿಗರೊಬ್ಬರು. ನಾನು ಧಾರವಾಡದವಳು. ಕೇರಳದ ಎರಡು ಊರುಗಳಲ್ಲಿ ಕೂತ ಎರಡು ಬೇರೆ ಕನ್ನಡಗಳು. ನಾನು "ಐತಿ" ಅಂದರೆ ಅವರು "ಉಂಟು" ಎನ್ನುತ್ತಿದ್ದರು. ಬೇರೆ ತಂಡಗಳ ಜೊತೆ ಚಿಕ್ಕ ಬದಲಾವಣೆಯನ್ನೂ ಇಂಗ್ಲಿಷಿನಲ್ಲಿ ಮೇಲ್ ಬರೆದು, ಉತ್ತರ ಬಂದ ಮೇಲೇ ಮುಂದುವರಿಯುವುದು ನನ್ನ ಪದ್ಧತಿ. ಇವರ ಜೊತೆ ಮಾತ್ರ ಎಲ್ಲ ಫೋನಿನಲ್ಲೇ, ಊಟ-ತಿಂಡಿಯ ಮಾತಿನ ನಡುವೆ. ಪರಸ್ಥಳದಲ್ಲಿ ನಮ್ಮವರು ಸಿಕ್ಕರೆ ಕಾಗದ ಯಾಕೆ ಬೇಕು ಎಂಬ ಧಾಟಿ.

ಮೊದಲ ವಾರವನ್ನು ಹಾಳು ಮಾಡಿದೆ. ಪ್ರೋಬ್‌ನ ವೈರ್ ಬದಲಿಸಿ ನೋಡಿದೆ. ವಿದ್ಯುತ್ ಏರಿಳಿತ ಇರಬಹುದೆಂದು ಯುಪಿಎಸ್ ಬದಲಿಸಿದೆ. ಯಂತ್ರ ಬಿಸಿಯಾಗಿ ಹೀಗಾಗುತ್ತಿದೆಯೇ ಎಂದು ಎಸಿ ಕೆಳಗೆ ಇಟ್ಟು, ಎಸಿ ಆರಿಸಿ, ಎರಡೂ ಥರ ನೋಡಿದೆ. ಗೀಟು ಬರುವಾಗ ಬರುತ್ತಿತ್ತು, ಬಾರದಾಗ ಇಲ್ಲ. ಕೊನೆಗೆ ಪರದೆಗೆ ಹೋಗುವ ಕೇಬಲ್ ಮೇಲೆ ಅನುಮಾನ ಬಂತು. ಕೇಬಲ್ ಅವರದು. ತಿರುವನಂತಪುರಕ್ಕೆ ಹೋಗಿ ಮುಖಾಮುಖಿ ಜಗಳ ಆಡಿಯೇ ಬರುತ್ತೇನೆಂದು ಒಂದು ಬೆಳಿಗ್ಗೆ ಎಡಪ್ಪಳ್ಳಿಯಲ್ಲಿ ಮೆಟ್ರೊ ಹತ್ತಿ ವೈಟ್ಟಿಲ ಬಸ್ ನಿಲ್ದಾಣಕ್ಕೆ ಬಂದೆ.

ಬಸ್ಸಿಗೆ ಇನ್ನೂ ಸಮಯವಿತ್ತು. ಜಗಳಕ್ಕೆ ಸಾಕ್ಷಿ ಇರಲೆಂದು ಪರದೆಯ ಫೋಟೊಗಳನ್ನು ಫೋನಿನಲ್ಲಿ ದೊಡ್ಡದು ಮಾಡಿ ನೋಡುತ್ತ ಕೂತೆ. ಹಾಳು ಕೇಬಲ್ ಆದರೆ ಗೀಟುಗಳು ಒಂದೊಂದು ಸಲ ಒಂದೊಂದು ಉದ್ದ ಇರಬೇಕು. ಇವು ಹಾಗಿರಲಿಲ್ಲ. ಎಣಿಸಿದೆ. ಹದಿನಾರು ಚುಕ್ಕಿ. ಇನ್ನೊಂದು ಗೀಟು ಎಣಿಸಿದೆ, ಹದಿನಾರು. ಏಳು ಫೋಟೊಗಳ ಎಲ್ಲ ಗೀಟುಗಳೂ ಹದಿನಾರೇ. ಅಲ್ಲಿಂದಲೇ ಕಾಸರಗೋಡಿನವರಿಗೆ ಫೋನ್ ಹಚ್ಚಿದೆ.

"ರೀ, ಅದು ಕೇಬಲ್ ಅಲ್ರೀ. ಎಣಿಸೀನಿ. ಪ್ರತಿ ಗೀಟಿಗೂ ಹದಿನಾರ ಚುಕ್ಕಿ. ಒಂದ್ ಹೆಚ್ಚಿಲ್ಲ, ಒಂದ್ ಕಡಿಮಿ ಇಲ್ಲ."

ಅವರು ಮೆಲ್ಲಗೆ ಲೆಕ್ಕ ಹಾಕಿದರು, "ಒಂದು ಚುಕ್ಕಿಗೆ ನಾಲ್ಕು ಬೈಟ್. ಹದಿನಾರು ನಾಲ್ಕಲೆ ಅರವತ್ತನಾಲ್ಕು... ಅಯ್ಯೋ ದೇವರೇ. ನೀವು ಬೇಗ ಬನ್ನಿ ಮಾರಾಯ್ರೆ."

ಅರವತ್ತನಾಲ್ಕು ಎಂದರೆ ನಮ್ಮ ಕಸುಬಿನವರಿಗೆ ಒಂದೇ ಅರ್ಥ. ಪ್ರೊಸೆಸರ್ ಪ್ರತಿಯೊಂದಕ್ಕೂ ದೂರದ ಮೆಮೊರಿಗೆ ಹೋಗುವುದಿಲ್ಲ. ಒಲೆಯ ಪಕ್ಕ ಒಗ್ಗರಣೆ ಡಬ್ಬಿ ಇಟ್ಟುಕೊಂಡ ಹಾಗೆ ಬೇಕಾದದ್ದನ್ನು ಹತ್ತಿರವೇ ಇಟ್ಟುಕೊಂಡಿರುತ್ತದೆ. ಅದಕ್ಕೆ ಕ್ಯಾಶ್ ಎನ್ನುತ್ತಾರೆ. ನಮ್ಮ ಚಿಪ್ಪಿನಲ್ಲಿ ಅದು ಒಂದು ಸಲಕ್ಕೆ ಅರವತ್ತನಾಲ್ಕು ಬೈಟ್‌ಗಳನ್ನು ಎತ್ತಿಕೊಳ್ಳುತ್ತದೆ, ಬರೆಯುವಾಗಲೂ ಮೊದಲು ಅಲ್ಲೇ ಬರೆದು ಆಮೇಲೆ ಪುರುಸೊತ್ತಾದಾಗ ಮೆಮೊರಿಗೆ ಸೇರಿಸುತ್ತದೆ. ಪರದೆಯ ಚಿಪ್ಪಿಗೆ ಈ ಡಬ್ಬಿ ಕಾಣುವುದಿಲ್ಲ. ಅದು ನೇರವಾಗಿ ಮೆಮೊರಿಯಿಂದ ಓದುತ್ತದೆ. ಹಾಗಾಗಿ ಪರದೆಗೆ ಕೊಡುವ ಮುಂಚೆ ಯಾರಾದರೂ ಕ್ಯಾಶ್‌ನಲ್ಲಿ ಉಳಿದದ್ದನ್ನು ಮೆಮೊರಿಗೆ ಸುರಿಯಬೇಕು. ಇದಕ್ಕೆ ನಾವು ಫ್ಲಶ್ ಎನ್ನುತ್ತೇವೆ. ಸುರಿಯದಿದ್ದರೆ ಹೊಸ ಚಿತ್ರದ ನಡುವೆ ಹಿಂದಿನ ಚಿತ್ರದ ಹದಿನಾರು ಚುಕ್ಕಿಗಳು ಹಾಗೇ ಉಳಿಯುತ್ತವೆ. ಹಿಂದಿನ ಚಿತ್ರದಲ್ಲಿ ಅಲ್ಲಿ ಪಿತ್ತಕೋಶದ ಬಿಳಿ ಗೋಡೆ ಇದ್ದಿದ್ದರೆ ಈಗಿನ ಚಿತ್ರದಲ್ಲಿ ಅದು ಕಲ್ಲು.

ತಿರುವನಂತಪುರದ ಕಳಕ್ಕೂಟ್ಟದಲ್ಲಿ ಇಳಿದು ಅವರ ಆಫೀಸಿಗೆ ಹೋದಾಗ ಮಧ್ಯಾಹ್ನದ ಊಟದ ಹೊತ್ತು. ಊಟ ಬಿಟ್ಟು ಇಬ್ಬರೂ ಒಂದೊಂದು ಪರದೆ ಮುಂದೆ ಕೂತೆವು.

"ನಿಮ್ಮ ಕಡೆ ಫ್ಲಶ್ ಎಲ್ಲಿ ಆಗ್ತದೆ, ತೋರಿಸಿ," ಎಂದರು.

"ನಮ್ಮ ಕಡೆ ಎಲ್ಲೈತ್ರಿ? ನೀವು ಮಾಡ್ತೀರಿ ಅಂತ ನಾವು ತಗದೇವಿ."

"ಎಂತ ಹೇಳ್ತಿದ್ದೀರಿ? ನೀವು ಮಾಡ್ತೀರಿ ಅಂತ ನಾವು ತೆಗೆದದ್ದು!"

ಇಬ್ಬರೂ ಹಳೆಯ ದಾಖಲೆ ತೆಗೆದು ನೋಡಿದೆವು. ಮೂರು ತಿಂಗಳ ಹಿಂದೆ ಎರಡೂ ಡ್ರೈವರ್‌ಗಳು ಫ್ಲಶ್ ಮಾಡುತ್ತಿದ್ದವು. ಒಂದೇ ಕೆಲಸ ಎರಡು ಸಲ ಆಗಿ ಚಿತ್ರ ನಿಧಾನವಾಗುತ್ತಿತ್ತು. ಅದು ನನ್ನ ಕಣ್ಣಿಗೆ ಬಿತ್ತು, ಅವರ ಕಣ್ಣಿಗೂ ಬಿತ್ತು. ಅವರು ಮಾಡುತ್ತಾರಲ್ಲ, ನಾನೇ ಬಿಟ್ಟುಕೊಡೋಣ ಎಂದು ಒಂದು ಸೋಮವಾರ ನಾನು ನಮ್ಮದನ್ನು ತೆಗೆದೆ. ಅವರು ಅದೇ ವಾರದ ಬುಧವಾರ ತೆಗೆದಿದ್ದರು. ಇಬ್ಬರೂ ಹೇಳಿಕೊಳ್ಳಲಿಲ್ಲ. ಇಷ್ಟು ಸಣ್ಣ ಉಪಕಾರವನ್ನು ಹೇಳಿಕೊಳ್ಳುವುದೆಂದರೆ ಸಂಕೋಚ, ನೀವು ಮಾಡುತ್ತೀರಿ ತಾನೇ ಎಂದು ಕೇಳಿದರೆ ಅವರ ಕೆಲಸದ ಮೇಲೆ ಅನುಮಾನ ಪಟ್ಟಂತೆ ಎಂಬ ಮುಲಾಜು. ಪರಿಚಯವಿಲ್ಲದವರಾಗಿದ್ದರೆ ಮೇಲ್ ಬರೆದಿರುತ್ತಿದ್ದೆ. ಈ ಕಲ್ಲು ನಮ್ಮಿಬ್ಬರ ಸ್ನೇಹದಿಂದ ಹುಟ್ಟಿದ್ದು.

"ಅತ್ತೆ ಉಪ್ಪು ಹಾಕಿರ್ತಾರೆ ಅಂತ ಸೊಸೆ ಬಿಟ್ಟದ್ದು, ಸೊಸೆ ಹಾಕಿರ್ತಾಳೆ ಅಂತ ಅತ್ತೆ ಬಿಟ್ಟದ್ದು," ಎಂದು ಅವರು ನಕ್ಕರು. "ಸಾಂಬಾರು ಮಾತ್ರ ಸಪ್ಪೆ."

"ಇದರಾಗ ಅತ್ತಿ ಯಾರು, ಸೊಸಿ ಯಾರು, ಅದನ್ನ ಮೊದಲ ಹೇಳ್ರಿ," ಎಂದೆ. ನಗು ಬಂತು, ಆದರೆ ಒಳಗೆ ತುಂಬಾ ನಾಚಿಕೆಯಾಗಿತ್ತು.

ಆ ಸಂಜೆಯೊಳಗೆ ಎರಡೂ ಕಡೆ ಫ್ಲಶ್ ಮತ್ತೆ ಸೇರಿಸಿದೆವು. ಗೀಟು ಒಂದೂ ಬರಲಿಲ್ಲ. ಆದರೆ ಗರ್ಭದ ಮಗುವಿನ ಹೃದಯದ ರೆಕಾರ್ಡಿಂಗ್ ಹಾಕಿದಾಗ ಬಡಿತ ತಡವರಿಸುತ್ತಿತ್ತು. ಚಿತ್ರಗಳು ನಡುನಡುವೆ ತಪ್ಪಿಹೋಗುತ್ತಿದ್ದವು. ಆ ಕಂಪನಿಯ ಹಿರಿಯ ಎಂಜಿನಿಯರ್ ಬಂದು ನೋಡಿ ಸಮಾಧಾನದ ಉಸಿರು ಬಿಟ್ಟರು.

"ಗೀಟು ಹೋಯಿತಲ್ಲ, ಅಷ್ಟು ಸಾಕು. ಡಾಕ್ಟರ್ ಹೊಟ್ಟೆ ಮಾತ್ರ ನೋಡುತ್ತಾರೆ, ಹೃದಯ ನೋಡುವುದಿಲ್ಲ. ಸರಿಯಾಗಿದೆ ಎಂದು ನಿಮ್ಮ ತಂಡದಿಂದ ಒಂದು ಮೇಲ್ ಕಳಿಸಿಬಿಡಿ."

ಅವರ ಕಷ್ಟ ನನಗೆ ಅರ್ಥವಾಗುತ್ತಿತ್ತು. ಆದರೂ ಬಾಯಿಂದ ಬಂದದ್ದು, "ಇಲ್ಲ ಸರ್, ಇದು ಸರಿಯಾಗಿದೆ ಎಂದು ನಾನು ಬರೆದುಕೊಡುವುದಿಲ್ಲ" ಎಂದು. ಇಂಗ್ಲಿಷಿನಲ್ಲಿ ಹೇಳಿದ್ದರಿಂದ ಇನ್ನೂ ಒರಟಾಗಿ ಕೇಳಿರಬೇಕು. ಕಾಸರಗೋಡಿನ ಗೆಳೆಯರು ನನ್ನ ಮುಖ ನೋಡಿದರು. ಅದು ಅವರ ಬಾಸ್‌ನ ಮಾತು, ಅವರು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. "ಅವರು ಹೇಳುವುದು ಹೌದು ಸರ್," ಎಂದರು.

ಯಾರಾದರೂ ಒಬ್ಬರು ಮಾತ್ರ ಫ್ಲಶ್ ಮಾಡಿದರೆ ಸಾಲದೇ ಎಂದು ಹಿರಿಯರು ಕೇಳಿದರು. ಸಾಲುತ್ತಿರಲಿಲ್ಲ. ಕೆಲವು ಚಿತ್ರಗಳನ್ನು ಪ್ರೊಸೆಸರ್ ಬರೆಯುತ್ತದೆ, ಅದಕ್ಕೆ ಫ್ಲಶ್ ಬೇಕೇ ಬೇಕು. ಕೆಲವನ್ನು ಗ್ರಾಫಿಕ್ಸ್ ಚಿಪ್ಪೇ ಪೂರ್ತಿ ಬರೆಯುತ್ತದೆ, ಅದಕ್ಕೆ ಬೇಡ. ಯಾವ ತುಂಡು ಯಾವ ಥರದ್ದು ಎಂಬುದು ಅದನ್ನು ಮಾಡಿದ ಡ್ರೈವರ್‌ಗೆ ಮಾತ್ರ ಗೊತ್ತು, ಓದುವ ಡ್ರೈವರ್‌ಗೆ ಗೊತ್ತಿಲ್ಲ. ಅದನ್ನು ಯಾರು ಯಾವಾಗ ಓದುತ್ತಾರೆ ಎಂಬುದು ಮಾಡಿದ ಡ್ರೈವರ್‌ಗೂ ಗೊತ್ತಿಲ್ಲ. ಗೊತ್ತಿಲ್ಲದವರು ಪ್ರತಿಸಲ ಮಾಡಬೇಕು, ಇಲ್ಲವೇ ಒಮ್ಮೆಯೂ ಮಾಡಬಾರದು. ನಾವು ಎರಡನ್ನೂ ನೋಡಿ ಆಗಿತ್ತು.

ಅಂದು ಇಬ್ಬರೂ ಸೇರಿ ತೀರ್ಮಾನಿಸಿದ್ದು ಇಷ್ಟು: ಈ ಮಾಹಿತಿ ನಮ್ಮ ತಲೆಯಲ್ಲೂ ಇರಬಾರದು, ಫೋನ್ ಮಾತಿನಲ್ಲೂ ಇರಬಾರದು, ಮೆಮೊರಿ ತುಂಡಿನ ಜೊತೆಗೇ ಹೋಗಬೇಕು. ಒಂದು ಡ್ರೈವರ್ ಇನ್ನೊಂದಕ್ಕೆ ತುಂಡನ್ನು ಕೊಡುವಾಗ ಅದಕ್ಕೊಂದು ಚೀಟಿ ಅಂಟಿಸಬೇಕು. ಇದು ಪ್ರೊಸೆಸರ್‌ನ ಕ್ಯಾಶ್‌ನಲ್ಲಿರಬಹುದು, ಅಥವಾ ಇದು ಕ್ಯಾಶ್‌ಗೆ ಹೋಗುವುದೇ ಇಲ್ಲ ಎಂದು. ಓದುವವರು ಚೀಟಿ ನೋಡಿ ಅಗತ್ಯವಿದ್ದರೆ ಮಾತ್ರ ಫ್ಲಶ್ ಮಾಡಬೇಕು.

ಕೇಳಲು ಸುಲಭ. ಆದರೆ ಎರಡು ಡ್ರೈವರ್‌ಗಳು ಮೆಮೊರಿ ಹಂಚಿಕೊಳ್ಳುವ ಆ ಭಾಗ ನಮ್ಮದೂ ಅಲ್ಲ, ಅವರದೂ ಅಲ್ಲ. ಅದು ಕರ್ನಲ್‌ನ ಸಾಮಾನ್ಯ ಭಾಗ, ಜಗತ್ತಿನ ಎಲ್ಲ ಗ್ರಾಫಿಕ್ಸ್ ಡ್ರೈವರ್‌ಗಳೂ ಬಳಸುವಂಥದ್ದು. ಅಲ್ಲಿ ಒಂದು ಸಾಲು ಸೇರಿಸಬೇಕಾದರೂ ಎಲ್ಲರಿಗೂ ಕಾಣುವ ಮೇಲಿಂಗ್ ಲಿಸ್ಟಿಗೆ ಕಳಿಸಬೇಕು, ಅಲ್ಲಿನ ಪರಿಶೀಲಕರು ಒಪ್ಪಬೇಕು. ನಾನು ಆವರೆಗೆ ಅಲ್ಲಿಗೆ ಒಂದಕ್ಷರವನ್ನೂ ಕಳಿಸಿದವಳಲ್ಲ. ಕೊಚ್ಚಿಗೆ ಬಂದು ಮ್ಯಾನೇಜರ್‌ಗೆ ಎಲ್ಲ ಹೇಳಿದೆ, ತಪ್ಪು ನನ್ನದೂ ಹೌದು ಎಂಬುದನ್ನೂ ಸೇರಿಸಿ. ಅವರು ತಮ್ಮ ಹೊಟ್ಟೆ ಸವರಿಕೊಂಡರು.

"ಸಾರಮಿಲ್ಲ," ಎಂದರು. ಪರವಾಗಿಲ್ಲ ಎನ್ನಲು ಇಲ್ಲಿಯವರು ಆಡುವ ಮಾತು ಅದು. "ಆವತ್ತು ಮನೆಗೆ ಹೋಗಿ ಹೆಂಡತಿಗೆ ಹೇಳಿದ್ದೆ, ಕಲ್ಲಿದೆಯಂತೆ, ಇಲ್ಲವಂತೆ ಎಂದು. ಅವಳಿಗೆ ಇನ್ನೂ ನಂಬಿಕೆ ಬಂದಿಲ್ಲ. ಸರಿಯಾದ ರೀತಿಯಲ್ಲೇ ಮಾಡಿ."

ಹತ್ತು ದಿನಗಳಲ್ಲಿ ಮೊದಲ ಆವೃತ್ತಿ ಬರೆದೆವು. ಹೆಚ್ಚಿಲ್ಲ, ನಲವತ್ತು ಸಾಲು. ಕಳಿಸುವ ಗುಂಡಿ ಒತ್ತುವ ಮುಂಚೆ ಎಲ್ಲ ಸಾಲುಗಳನ್ನೂ ಮತ್ತೊಮ್ಮೆ ಓದಿದೆ. ಮೂರನೇ ದಿನ ಯಾವುದೋ ದೇಶದ ಪರಿಶೀಲಕರೊಬ್ಬರ ಉತ್ತರ ಬಂತು. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ, ಒಂದೇ ಪ್ರಶ್ನೆ: ಚೀಟಿಯನ್ನೇ ಅಂಟಿಸದ ಡ್ರೈವರ್ ಬಂದರೆ ಏನೆಂದು ತಿಳಿಯಬೇಕು?

ನನಗೆ ಸಿಟ್ಟು ಬಂತು. ಚೀಟಿ ಇಲ್ಲದಿದ್ದರೆ ಸೊನ್ನೆ, ಸೊನ್ನೆ ಎಂದರೆ ಫ್ಲಶ್ ಬೇಡ ಎಂದು ಬರೆದಿದ್ದೆನಲ್ಲ! ಇಷ್ಟೂ ಓದದೆ ಕೇಳುತ್ತಾರೆ ಎಂದು ಫೋನಿನಲ್ಲಿ ಹಾರಾಡಿದೆ. ಗೆಳೆಯರು ಪೂರ್ತಿ ಕೇಳಿಸಿಕೊಂಡರು.

"ಆಯ್ತಾ? ಇನ್ನು ನಾನು ಒಂದು ಹೇಳ್ಲಾ?" ಎಂದರು. "ಬೆಳಿಗ್ಗೆ ರೆಕಾರ್ಡಿಂಗ್ ಹಾಕಿ ನೋಡಿದ್ದೆ. ಗೀಟು ವಾಪಸ್ ಬಂದುಂಟು."

ಸಿಟ್ಟು ಜರ್ರೆಂದು ಇಳಿಯಿತು. ಹಳೆಯ ರೆಕಾರ್ಡಿಂಗ್ ತೋರಿಸುವಾಗ ಚಿತ್ರ ಬರುವುದು ಉಳಿಸಿಟ್ಟ ವಿಡಿಯೊ ತೆರೆಯುವ ಮೂರನೆಯ ಒಂದು ಡ್ರೈವರ್‌ನಿಂದ. ಅದನ್ನು ಬರೆದವರು ನಾವಿಬ್ಬರೂ ಅಲ್ಲ, ಅದಕ್ಕೆ ನಮ್ಮ ಚೀಟಿಯ ವಿಷಯವೇ ಗೊತ್ತಿಲ್ಲ. ಅದು ಏನೂ ಹೇಳದೆ ತುಂಡನ್ನು ಕೊಟ್ಟಿತ್ತು, ನಾವು ಅದನ್ನು ಫ್ಲಶ್ ಬೇಡ ಎಂದು ಓದಿಕೊಂಡಿದ್ದೆವು. ಮೂರು ತಿಂಗಳ ಹಿಂದೆ ನಾವಿಬ್ಬರೂ ಮಾಡಿದ್ದ ತಪ್ಪನ್ನೇ ಈಗ ಕರ್ನಲ್‌ನ ಎಲ್ಲರಿಗೂ ನಿಯಮವಾಗಿ ಬರೆದು ಕಳಿಸಿದ್ದೆವು. ಮೌನಂ ಸಮ್ಮತಿ ಲಕ್ಷಣಂ ಎನ್ನುವುದು ಹೆಣ್ಣು ನೋಡುವ ಮನೆಗೆ ಸರಿಯೋ ತಪ್ಪೋ, ಇಲ್ಲಂತೂ ತಪ್ಪು.

ಎರಡನೇ ಆವೃತ್ತಿಯಲ್ಲಿ ಸೊನ್ನೆಯ ಅರ್ಥ ಬದಲಾಯಿಸಿದೆವು. ಸೊನ್ನೆ ಎಂದರೆ ಗೊತ್ತಿಲ್ಲ, ಗೊತ್ತಿಲ್ಲದಿದ್ದರೆ ಫ್ಲಶ್ ಮಾಡಲೇಬೇಕು. ಫ್ಲಶ್ ಬೇಡ ಎನ್ನುವ ಡ್ರೈವರ್ ಬಾಯಿಬಿಟ್ಟು ಹೇಳಬೇಕು. ಆ ಪರಿಶೀಲಕರಿಗೆ, ನೀವು ಕೇಳಿದ್ದೇ ಸರಿ, ನಮ್ಮ ಮೇಜಿನ ಮೇಲೆಯೇ ಅದು ಕೆಟ್ಟಿತು ಎಂದು ಬರೆದೆ. ತಪ್ಪೊಪ್ಪಿಕೊಳ್ಳುವುದು ನನಗೆ ಒಗ್ಗದ ವಿದ್ಯೆ. ಇಂಗ್ಲಿಷಿನಲ್ಲಿ ಅದು ಸ್ವಲ್ಪ ಸುಲಭವಾಯಿತು. ಅವರು ಇನ್ನೊಂದು ಪ್ರಶ್ನೆ ಕೇಳಿದರು, ತುಂಡನ್ನು ಕೊಟ್ಟ ಮೇಲೆ ಚೀಟಿ ಬದಲಿಸಬಹುದೇ ಎಂದು. ಬದಲಿಸಬಾರದು ಎಂದು ವಿವರಣೆಯಲ್ಲಿ ಬರೆದು, ಬದಲಿಸಲು ಹೋದರೆ ಕರ್ನಲ್ ಎಚ್ಚರಿಸುವಂತೆ ಮಾಡಿ ಮೂರನೇ ಆವೃತ್ತಿ ಕಳಿಸಿದೆವು.

ಉತ್ತರ ಬಂದಾಗ ನಾನು ಆಫೀಸ್ ಕ್ಯಾಂಟೀನಿನಲ್ಲಿ ಹಾಲು ಹಾಕದ ಕಟ್ಟಂಚಾಯ ಕುಡಿಯುತ್ತಿದ್ದೆ. ಪರಿಶೀಲಿಸಿ ಒಪ್ಪಿದ್ದೇನೆ ಎಂಬ ಒಂದು ಸಾಲು, ಕೆಳಗೆ ಅವರ ಹೆಸರು. ಅದರ ಮೇಲೆ ನಮ್ಮಿಬ್ಬರ ಹೆಸರುಗಳು, ಒಂದರ ಕೆಳಗೊಂದು. ಎಲ್ಲರೂ ನೋಡುತ್ತಿದ್ದಾರೆ ಎಂಬುದನ್ನೂ ಮರೆತು ಕೂತಲ್ಲೇ ಕಣ್ಣೊರೆಸಿಕೊಂಡೆ. ಗೆಳೆಯರಿಗೆ ಫೋನ್ ಮಾಡಿದರೆ, "ಮೇಲ್ ಬರೀರಿ ಮಾರಾಯ್ರೆ, ಇನ್ನು ನಮ್ಮದು ಎಲ್ಲ ಬರವಣಿಗೆಯಲ್ಲೇ" ಎಂದರು. ಇಬ್ಬರೂ ತುಂಬಾ ಹೊತ್ತು ನಕ್ಕೆವು. ಆದರೆ ನಿಜಕ್ಕೂ ಮೇಲ್ ಬರೆದೆ.

ಡಾಕ್ಟರ್ ಹೇಳಿದ ದಿನಕ್ಕೆ ಇನ್ನು ಐದೇ ದಿನ ಉಳಿದಿತ್ತು. ಒಂದು ಪರೀಕ್ಷಾ ಪ್ರೋಗ್ರಾಂ ಬರೆದೆವು. ಅದು ಒಂದು ಸಲ ಪೂರ್ತಿ ಬಿಳಿ, ಒಂದು ಸಲ ಪೂರ್ತಿ ಕಪ್ಪು ಚಿತ್ರ ಬರೆದು, ಪರದೆಗೆ ಹೋದದ್ದನ್ನು ಮತ್ತೆ ಹಿಡಿದು ಹೋಲಿಸುತ್ತಿತ್ತು. ಎರಡು ದಿನ ನಿಲ್ಲಿಸದೆ ಓಡಿಸಿದೆವು. ತಪ್ಪಾದ ಚುಕ್ಕಿ ಒಂದೂ ಇಲ್ಲ. ಮಗುವಿನ ಹೃದಯ ಎಲ್ಲೂ ತಡವರಿಸಲಿಲ್ಲ. ತಿರುವನಂತಪುರದ ಹಿರಿಯ ಎಂಜಿನಿಯರ್ ಅದನ್ನು ಎರಡು ಸಲ ಹಾಕಿಸಿ ನೋಡಿ, ನನ್ನ ಮುಂದೆ ಕೈ ಚಾಚಿದರು. ಕೈ ಕುಲುಕಿದೆ.

ಕಲೂರಿಗೆ ಈ ಸಲ ನಾನೂ ಕಾಸರಗೋಡಿನ ಗೆಳೆಯರೂ ಯಂತ್ರದ ಜೊತೆ ಹೋದೆವು. ಡಾಕ್ಟರ್ ಮೊದಲು ನಮ್ಮಿಬ್ಬರ ಹೊಟ್ಟೆಗಳನ್ನೇ ನೋಡಿದರು, ಒಬ್ಬೊಬ್ಬರನ್ನು ಕಾಲು ಗಂಟೆ. ಪ್ರೋಬ್ ಜೋರಾಗಿ ಓಡಿಸಿದರು, ಥಟ್ಟನೆ ನಿಲ್ಲಿಸಿದರು, ಯಂತ್ರವನ್ನು ಸುಸ್ತು ಮಾಡಲು ಏನೇನು ಮಾಡಬಹುದೋ ಎಲ್ಲ ಮಾಡಿದರು. ಹಳೆಯ ಯಂತ್ರದಲ್ಲಿ ಕಂಡದ್ದೇ ಹೊಸದರಲ್ಲಿ, ಒಂದು ಗೀಟು ಹೆಚ್ಚಿಲ್ಲ. ಕನ್ನಡಕ ತೆಗೆದು, ಕಾಗದ ತರಿಸಿ, ಸಹಿ ಹಾಕಿದರು. ಆಮೇಲೆ ಹೊರಗೆ ಕಾಯುತ್ತಿದ್ದ ರೋಗಿಯೊಬ್ಬರನ್ನು ಅವರ ಒಪ್ಪಿಗೆ ಕೇಳಿ ಒಳಗೆ ಕರೆಸಿದರು. ಅರವತ್ತು ದಾಟಿದ ಹೆಂಗಸು, ವಾರದಿಂದ ಊಟ ಮಾಡಿದರೆ ಹೊಟ್ಟೆನೋವು.

ಪ್ರೋಬ್ ಇಟ್ಟ ಅರೆಕ್ಷಣದಲ್ಲಿ ಪಿತ್ತಕೋಶದ ಕಪ್ಪಿನಲ್ಲಿ ಬಿಳಿಯದೊಂದು ಹೊಳೆಯಿತು. ಗೆಳೆಯರು ನನ್ನ ಕಡೆ ತಿರುಗಿದರು, ಅವರ ಮುಖ ಬಿಳಿಚಿಕೊಂಡಿತ್ತು. ನಾನು ಎಲ್ಲ ಮರೆತು ಪರದೆಗೆ ಮುಖ ಚಾಚಿ ಚುಕ್ಕಿ ಎಣಿಸಲು ಶುರು ಮಾಡಿದೆ. ಎಣಿಕೆಗೆ ಸಿಗಲಿಲ್ಲ. ಅದು ಗೀಟಲ್ಲ, ದುಂಡಗಿತ್ತು. ಡಾಕ್ಟರ್ ಆಕೆಗೆ ಎಡಮಗ್ಗುಲಾಗಲು ಹೇಳಿದರು. ಅದೂ ಮೆಲ್ಲಗೆ ಉರುಳಿ ಕೆಳಗೆ ಬಂತು. ಅದರ ಹಿಂದೆ ಉದ್ದಕ್ಕೂ ಒಂದು ಕಪ್ಪು ನೆರಳು, ಶಬ್ದ ದಾಟಿ ಹೋಗಲಾರದ ಗಟ್ಟಿ ವಸ್ತುವಿಗೆ ಮಾತ್ರ ಬೀಳುವಂಥದ್ದು.

ಡಾಕ್ಟರ್ ಹಳೆಯ ಯಂತ್ರದ ಕಡೆ ನೋಡಲೂ ಇಲ್ಲ. ಕಲ್ಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಗೆರೆ ಎಳೆದು ಅಳತೆ ಬರೆಸಿದರು, ಆಕೆಯ ಭುಜ ಮುಟ್ಟಿ ಮಲಯಾಳಂನಲ್ಲಿ ಏನೋ ಸಮಾಧಾನ ಹೇಳಿದರು. ಆಮೇಲೆ ನಾವಿನ್ನೂ ಅಲ್ಲೇ ನಿಂತಿರುವುದು ಅವರ ಕಣ್ಣಿಗೆ ಬಿತ್ತು.

"ನೀವಿಬ್ಬರೂ ಇನ್ನೂ ಯಾಕೆ ಇಲ್ಲಿದ್ದೀರಿ? ಹೊರಗೆ ಹೋಗಿ. ನಾನು ರೋಗಿಯನ್ನು ನೋಡುತ್ತಿದ್ದೇನೆ."

ಹೊರಗೆ ಬಂದೆವು. ಹಿಂದೆ ಬಾಗಿಲು ಮುಚ್ಚಿಕೊಂಡಿತು.

"ಎಂತ ಮಾರಾಯ್ರೆ, ದೂಡಿಯೇ ಬಿಟ್ರಲ್ಲ ನಮ್ಮನ್ನು!" ಎಂದರು ಗೆಳೆಯರು.

"ದೂಡ್ಲಿ ಬಿಡ್ರಿ," ಎಂದೆ. ಕೆಲಸದಲ್ಲಿ ನನಗೆ ಸಿಕ್ಕ ಮರ್ಯಾದೆಗಳಲ್ಲಿ ಅದಕ್ಕಿಂತ ದೊಡ್ಡದು ಇನ್ನೊಂದಿಲ್ಲ.